ಎಷ್ಟು ಸೆಂಟಿಮೀಟರ್ ಬೈಪಾಸ್?

ಆರೋಗ್ಯ ಪ್ರಶ್ನೋತ್ತರ

ತೀವ್ರ ಬೊಜ್ಜಿಗೆ ಮಾಡುವ ಬೈಪಾಸ್ ಆಪರೇಷನ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಶಸ್ತ್ರಚಿಕಿತ್ಸಕರು ಮತ್ತು ಆಹಾರತಜ್ಞರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 42 ವರ್ಷ, ಶಾಲಾ ಶಿಕ್ಷಕಿ. ಎತ್ತರ 158 ಸೆಂ.ಮೀ., ತೂಕ 118 ಕೆ.ಜಿ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಒಂದು ಆಸ್ಪತ್ರೆಯಲ್ಲಿ ‘ರೂ-ಎನ್-ವೈ’ ಬೈಪಾಸ್ ಮಾಡಿಸಿ ಅಂದರು, ಇನ್ನೊಂದರಲ್ಲಿ ‘ಮಿನಿ’ ಬೈಪಾಸ್ ಸಾಕು ಅಂದರು. ಎರಡಕ್ಕೂ ಏನು ವ್ಯತ್ಯಾಸ? ಯಾವುದಕ್ಕೆ ಒಪ್ಪಲಿ? (ದಾವಣಗೆರೆ)

ಉತ್ತರ: ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 47ರಷ್ಟಿದೆ, ಜೊತೆಗೆ ಸಕ್ಕರೆ ಕಾಯಿಲೆ. ಆಪರೇಷನ್ ಬೇಕೇ ಬೇಡವೇ ಎಂಬುದರಲ್ಲಿ ಆ ಎರಡು ಆಸ್ಪತ್ರೆಗಳಿಗೂ ಭೇದವಿಲ್ಲ. ಭೇದ ಇರುವುದು ಕರುಳನ್ನು ಎಲ್ಲಿ, ಹೇಗೆ ಜೋಡಿಸಬೇಕು ಎಂಬುದರಲ್ಲಿ.

ಮೊದಲು ರೂ-ಎನ್-ವೈ. ಅನ್ನನಾಳ ಬಂದು ಜಠರವನ್ನು ಸೇರುವ ಜಾಗದ ತುಸು ಕೆಳಗೆ ಸ್ಟೇಪ್ಲರ್‌ನಿಂದ ಕತ್ತರಿಸಿ 15ರಿಂದ 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಎರಡು ದೊಡ್ಡ ಚಮಚ ನೀರು ಹಾಕಿದರೆ ತುಂಬಿಬಿಡುವಷ್ಟು ಜಾಗ. ಉಳಿದ ಜಠರವನ್ನು ಹೊರಗೆ ತೆಗೆಯುವುದಿಲ್ಲ. ಅದು ಒಳಗೇ ಇದ್ದು ರಸ ಸುರಿಸುತ್ತಿರುತ್ತದೆ, ಊಟ ಮಾತ್ರ ಅದರೊಳಕ್ಕೆ ಹೋಗುವುದಿಲ್ಲ. ಆಮೇಲೆ ಸಣ್ಣ ಕರುಳನ್ನು ಜೆಜುನಮ್ (ಅದರ ನಡುಭಾಗ) ಶುರುವಾಗುವ ಜಾಗದಿಂದ 50–100 ಸೆಂ.ಮೀ. ಅಳೆದು ಕತ್ತರಿಸುತ್ತಾರೆ. ಕೆಳಭಾಗದ ತುದಿಯನ್ನು ಮೇಲಕ್ಕೆ ತಂದು ಪುಟ್ಟ ಚೀಲಕ್ಕೆ ಜೋಡಿಸುತ್ತಾರೆ. ಇದು ಊಟದ ದಾರಿ. ಪಿತ್ತರಸ ಮತ್ತು ಮೇದೋಜೀರಕ ರಸ ಹರಿದು ಬರುವ ಇನ್ನೊಂದು ತುದಿಯನ್ನು ಊಟದ ದಾರಿಯಲ್ಲಿ 100–150 ಸೆಂ.ಮೀ. ಕೆಳಗೆ ಸೇರಿಸುತ್ತಾರೆ. ಇಂಗ್ಲಿಷಿನ ‘ವೈ’ ಅಕ್ಷರದ ಹಾಗೆ ಎರಡು ಕವಲು ಕೂಡಿ ಒಂದಾಗುತ್ತವೆ. ಈ ಜೋಡಣೆಗೆ ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಕ ಸೀಸರ್ ರೂ ಅವರ ಹೆಸರು ಉಳಿದಿದೆ. ಒಟ್ಟು ಎರಡು ಜೋಡಣೆ.

ಮಿನಿ ಬೈಪಾಸ್‌ನಲ್ಲಿ ಜೋಡಣೆ ಒಂದೇ. ಹಾಗಾಗಿ ಈಗ ಅದನ್ನು ‘ಒಂದು ಜೋಡಣೆಯ ಬೈಪಾಸ್’ ಎಂದೇ ಕರೆಯುತ್ತಾರೆ, ವರದಿಗಳಲ್ಲಿ ‘ಓಎಜಿಬಿ’ ಎಂದಿರುತ್ತದೆ. ಇಲ್ಲಿ ಜಠರದ ಚೀಲ ಪುಟ್ಟದಲ್ಲ, 15 ಸೆಂ.ಮೀ.ಗಿಂತ ಉದ್ದದ ಸಪೂರ ಕೊಳವೆ. ಕರುಳನ್ನು ಕತ್ತರಿಸುವುದೂ ಇಲ್ಲ. ಆರಂಭದಿಂದ 150–200 ಸೆಂ.ಮೀ. ಅಳೆದು, ಅಲ್ಲಿನ ಮಡಿಕೆಯನ್ನು ಹಾಗೆಯೇ ಮೇಲಕ್ಕೆತ್ತಿ ಕೊಳವೆಯ ತಳಕ್ಕೆ ಜೋಡಿಸುತ್ತಾರೆ. ಅಂದರೆ ಪಿತ್ತರಸ ಆ ಜೋಡಣೆಯ ಪಕ್ಕದಲ್ಲೇ ಹರಿದುಹೋಗುತ್ತದೆ. ನಿಮ್ಮ ವಿಷಯದಲ್ಲಿ ನೋಡಬೇಕಾದ್ದು ಇದನ್ನೇ.

ಇದರ ಹಿಂದೆ ಒಂದು ಕಥೆಯಿದೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾವೊ ಇಟೊ 1966ರಲ್ಲಿ ಬೊಜ್ಜಿಗೆಂದು ಮೊದಲ ಬೈಪಾಸ್ ಮಾಡಿದಾಗ ಬಳಸಿದ್ದು ಇಂಥ ಮಡಿಕೆಯ ಜೋಡಣೆಯನ್ನೇ. ಆದರೆ ಚೀಲ ಮೇಲ್ಗಡೆ ಅಡ್ಡಕ್ಕೆ ಇತ್ತು. ಪಿತ್ತರಸ ನೇರ ಚೀಲಕ್ಕೂ ಅನ್ನನಾಳಕ್ಕೂ ಏರಿ ಉರಿ ತರುತ್ತಿತ್ತು. ಅದನ್ನು ತಪ್ಪಿಸಲು 1977ರಲ್ಲಿ ವಾರ್ಡ್ ಗ್ರಿಫೆನ್ ರೂ-ಎನ್-ವೈ ಜೋಡಣೆಯನ್ನು ತಂದರು. 1997ರಲ್ಲಿ ರಾಬರ್ಟ್ ರಟ್ಲೆಡ್ಜ್ ಮಡಿಕೆಯನ್ನು ಮತ್ತೆ ಬಳಕೆಗೆ ತಂದಾಗ ಚೀಲವನ್ನು ಉದ್ದ ಕೊಳವೆ ಮಾಡಿ, ಜೋಡಣೆಯನ್ನು ಅನ್ನನಾಳದಿಂದ ದೂರಕ್ಕೆ ಇಳಿಸಿದರು. ಬಹಳ ಜನಕ್ಕೆ ಆ ದೂರ ಸಾಕಾಗುತ್ತದೆ. ಮೊದಲೇ ಹುಳಿನೀರು ಮೇಲೆ ಬರುತ್ತಿರುವವರಿಗೆ ಸಾಕಾಗದೆ ಹೋಗಬಹುದು, ಆಗ ಮೇಲೆ ಬರುವುದು ಹುಳಿನೀರಲ್ಲ, ಕಹಿ ಪಿತ್ತ. ಅದು ಮಾತ್ರೆಗೆ ಬಗ್ಗದಿದ್ದರೆ ಎರಡನೇ ಸಲ ಆಪರೇಷನ್ ಮಾಡಿ ರೂ-ಎನ್-ವೈಗೆ ಬದಲಿಸಬೇಕಾಗುತ್ತದೆ.

ನಮ್ಮ ಸಲಹೆ: ಮೊದಲು ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದ ತಳದಲ್ಲಿ ಹುಣ್ಣು ಇದ್ದರೆ, ಇಲ್ಲವೇ ಜಠರದ ಮೇಲ್ಭಾಗ ಎದೆಗೂಡಿಗೆ ಜಾರಿದ್ದರೆ ರೂ-ಎನ್-ವೈಯನ್ನೇ ಆರಿಸಿಕೊಳ್ಳಿ. ಅದೇ ಎಂಡೋಸ್ಕೋಪಿಯಲ್ಲಿ ಎಚ್. ಪೈಲೊರಿ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಕೇಳಿ, ಇದ್ದರೆ ಆಪರೇಷನ್ನಿಗೆ ಮೊದಲೇ ಔಷಧ ಮುಗಿಸಬೇಕು. ಬೈಪಾಸ್ ಆದಮೇಲೆ ಹಳೆಯ ಜಠರದೊಳಗೆ ಎಂಡೋಸ್ಕೋಪ್ ಸುಲಭವಾಗಿ ಹೋಗುವುದಿಲ್ಲ, ಒಳಗನ್ನು ಸರಿಯಾಗಿ ನೋಡಲು ಇದೇ ಸಮಯ.

ಪ್ರಶ್ನೆ: ‘ಮಿನಿ’ ಅಂದರೆ ಸಣ್ಣ ಆಪರೇಷನ್ ತಾನೇ? ಊಟದಿಂದ ಸತ್ವ ಹೀರುವುದೂ ಕಡಿಮೆ ಕೆಡುತ್ತದೆ ಅಲ್ಲವೇ? (ಮಂಡ್ಯ)

ಉತ್ತರ: ಅಲ್ಲ. ಜೋಡಣೆ ಒಂದು ಕಡಿಮೆ, ಸಮಯ ಸ್ವಲ್ಪ ಕಡಿಮೆ, ಅಷ್ಟೆ. ಸತ್ವ ಹೀರುವುದಕ್ಕೆ ಬೀಳುವ ಹೊಡೆತ ಮಿನಿಯಲ್ಲೇ ಹೆಚ್ಚಿರಬಹುದು, ಏಕೆಂದರೆ ಊಟ ತಪ್ಪಿಸಿಕೊಂಡು ಹೋಗುವ ಕರುಳಿನ ಉದ್ದ ಅಲ್ಲಿ ಹೆಚ್ಚು.

ಫ್ರಾನ್ಸಿನಲ್ಲಿ 253 ಜನರ ಮೇಲೆ ನಡೆದ ‘ಯೊಮೆಗಾ’ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಿನಿ ಗುಂಪಿನವರಿಗೆ 200 ಸೆಂ.ಮೀ. ಬಿಟ್ಟು ಜೋಡಿಸಿದ್ದರು. ಎರಡು ವರ್ಷದಲ್ಲಿ ಎರಡೂ ಗುಂಪಿನವರ ತೂಕ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಆದರೆ ಪೌಷ್ಟಿಕತೆಯ ಗಂಭೀರ ತೊಂದರೆ ಮಿನಿ ಗುಂಪಿನಲ್ಲಿ 9 ಕಾಣಿಸಿಕೊಂಡವು, ರೂ-ಎನ್-ವೈ ಗುಂಪಿನಲ್ಲಿ ಒಂದೂ ಇಲ್ಲ. ಭೇದಿಯೂ ಮಿನಿಯಲ್ಲೇ ಹೆಚ್ಚು. ಹೀಗಾಗಿ ಈಗ ಹಲವರು 150 ಸೆಂ.ಮೀ.ಗೆ ನಿಲ್ಲಿಸುತ್ತಾರೆ.

ಇನ್ನೊಂದು ಮಾತು. ಸಣ್ಣ ಕರುಳು ಎಲ್ಲರಿಗೂ ಒಂದೇ ಉದ್ದ ಇರುವುದಿಲ್ಲ. ಒಬ್ಬರಿಗೆ 4 ಮೀಟರ್ ಇದ್ದರೆ ಇನ್ನೊಬ್ಬರಿಗೆ 8 ಮೀಟರ್. ನಾಲ್ಕು ಮೀಟರ್ ಇರುವವರಿಗೆ 200 ಸೆಂ.ಮೀ. ತಪ್ಪಿಸಿದರೆ ಅರ್ಧ ಕರುಳೇ ಹೋಯಿತು. ಕೈಕಾಲು ಬಾವು, ಕೂದಲು ಉದುರುವುದು, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿಯುವುದು ಶುರುವಾಗುತ್ತದೆ. “ಒಟ್ಟು ಕರುಳನ್ನು ಅಳೆಯುತ್ತೀರಾ? ಊಟ ಹೀರಲು ಎಷ್ಟು ಉದ್ದ ಉಳಿಸುತ್ತೀರಿ?” ಎಂದು ಆಪರೇಷನ್ನಿಗೆ ಮೊದಲು ಕೇಳಿ. ಜೋಡಣೆಯ ಕೆಳಗೆ ಕನಿಷ್ಠ 3 ಮೀಟರ್, ಸಾಧ್ಯವಾದರೆ 4 ಮೀಟರ್ ಉಳಿಯಲಿ ಎಂಬುದು ನಮ್ಮ ನಿಲುವು. ಸಸ್ಯಾಹಾರಿಗಳಾದರೆ, ಪ್ರೋಟೀನ್ ಮೊದಲೇ ಕಡಿಮೆ ತಿನ್ನುವ ಮನೆಯವರಾದರೆ, ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಸ್ಲೀವ್ ಮಾಡಿಸಿದರೆ ಕರುಳಿನ ತಂಟೆಯೇ ಇಲ್ಲವಲ್ಲ? ಬೈಪಾಸ್ ಯಾಕೆ? (ಹುಬ್ಬಳ್ಳಿ)

ಉತ್ತರ: ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ಹೊರತೆಗೆಯುತ್ತಾರೆ, ಬಾಳೆಕಾಯಿ ಗಾತ್ರದ ಕೊಳವೆ ಉಳಿಯುತ್ತದೆ. ಕರುಳು ಮುಟ್ಟುವುದಿಲ್ಲ ಎಂಬುದು ನಿಜ. ಎದೆಯುರಿ ಇಲ್ಲದವರಿಗೆ, ಜೀವನಪೂರ್ತಿ ಮಾತ್ರೆ ನುಂಗುವ ಖಾತ್ರಿ ಇಲ್ಲದವರಿಗೆ, ಕರುಳಿಗೆ ಹಿಂದೆ ಆಪರೇಷನ್ ಆಗಿ ಒಳಗೆ ಅಂಟಿಕೊಂಡಿರುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಆ ಕೊಳವೆಯೊಳಗೆ ಒತ್ತಡ ಹೆಚ್ಚು, ಹುಳಿ ಮೇಲಕ್ಕೆ ಚಿಮ್ಮುತ್ತದೆ. ಫಿನ್ಲೆಂಡಿನಲ್ಲಿ 240 ಜನರನ್ನು ಹತ್ತು ವರ್ಷ ಹಿಂಬಾಲಿಸಿದ ‘ಸ್ಲೀವ್‌ಪಾಸ್’ ಅಧ್ಯಯನದಲ್ಲಿ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ 31%, ಬೈಪಾಸ್ ಆದವರಲ್ಲಿ 7%. ತೂಕದಲ್ಲೂ ಬೈಪಾಸ್ ಸ್ವಲ್ಪ ಮುಂದು. ಹೊರತೆಗೆದ ಜಠರವನ್ನು ವಾಪಸ್ ಇಡಲಾಗದು ಎಂಬುದೂ ನೆನಪಿರಲಿ.

ಸ್ಲೀವ್ ಮಾಡಿ ಅದಕ್ಕೆ ಕರುಳನ್ನೂ ಸೇರಿಸುವ ‘ಸಾಡಿ’ ಎಂಬ ವಿಧಾನವನ್ನು 2007ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಶುರುಮಾಡಿದರು. ಊಟ ಹೀರಲು 250–300 ಸೆಂ.ಮೀ. ಮಾತ್ರ ಉಳಿಸುತ್ತಾರೆ. ಬಿಎಂಐ 50 ದಾಟಿದವರಿಗೆ, ಮೊದಲ ಆಪರೇಷನ್ ಸೋತವರಿಗೆ ಯೋಚಿಸಬಹುದು. ವರ್ಷಕ್ಕೊಮ್ಮೆ ರಕ್ತಪರೀಕ್ಷೆಗೂ ಬರಲಾಗದವರಿಗೆ ಬೇಡವೇ ಬೇಡ.

ಪ್ರಶ್ನೆ: ಬೈಪಾಸ್ ಆದರೆ ಸಕ್ಕರೆ ಕಾಯಿಲೆ ಹೋಗಿಬಿಡುತ್ತದೆ ಎನ್ನುತ್ತಾರೆ. ಇನ್ಸುಲಿನ್ ಯಾವಾಗ ನಿಲ್ಲಿಸಬಹುದು? (ಶಿವಮೊಗ್ಗ)

ಉತ್ತರ: ಹೋಗಿಬಿಡುತ್ತದೆ ಎನ್ನುವುದಕ್ಕಿಂತ ಹತೋಟಿಗೆ ಬಂದು ಮಲಗುತ್ತದೆ ಎನ್ನುವುದು ಸರಿ. ಕಾಯಿಲೆ ಎಷ್ಟು ಹಳೆಯದು, ಇನ್ಸುಲಿನ್ ಎಷ್ಟು ವರ್ಷದಿಂದ ನಡೆದಿದೆ ಎಂಬುದರ ಮೇಲೆ ಫಲ ನಿಂತಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ‘ಸ್ಟಾಂಪೀಡ್’ ಅಧ್ಯಯನದಲ್ಲಿ ಐದು ವರ್ಷದ ಕೊನೆಗೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6 ಅಥವಾ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ 29%, ಸ್ಲೀವ್‌ನಲ್ಲಿ 23%, ಬರೀ ಔಷಧದ ಗುಂಪಿನಲ್ಲಿ 5%. ನೂರಕ್ಕೆ ನೂರು ಎಲ್ಲೂ ಇಲ್ಲ, ಆದರೆ ಔಷಧದ ಭಾರ ಬಹುಪಾಲು ಜನಕ್ಕೆ ಇಳಿಯಿತು.

ಸಕ್ಕರೆ ಅಂಶ ತೂಕಕ್ಕಿಂತ ಮೊದಲೇ, ಕೆಲವರಲ್ಲಿ ಮೊದಲ ವಾರದಲ್ಲೇ ಇಳಿಯುತ್ತದೆ. ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ತೆಗೆದುಕೊಂಡರೆ, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಆಸ್ಪತ್ರೆಯಿಂದ ಹೊರಡುವ ಮೊದಲೇ ಹೊಸ ಪ್ರಮಾಣ ಬರೆಸಿಕೊಳ್ಳಿ. ಮೊದಲ ತಿಂಗಳು ದಿನಕ್ಕೆ ಎರಡು ಮೂರು ಸಲ ಬೆರಳು ಚುಚ್ಚಿ ನೋಡಿ, ಆ ಲೆಕ್ಕ ವೈದ್ಯರಿಗೆ ಕಳಿಸುತ್ತಿರಿ. ಹೆಸರಿನ ಕೊನೆಗೆ ‘ಎಸ್‌ಆರ್’, ‘ಎಕ್ಸ್‌ಆರ್’ ಎಂದಿರುವ, ನಿಧಾನ ಕರಗುವ ಮಾತ್ರೆಗಳು ಬೈಪಾಸ್ ಆದ ಕರುಳಿನಲ್ಲಿ ಪೂರ್ತಿ ಕರಗುವ ಮೊದಲೇ ದಾಟಿಹೋಗಬಹುದು. ಅವನ್ನು ಸಾದಾ ಮಾತ್ರೆಗೆ ಬದಲಿಸಲು ಕೇಳಿ. ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯನ್ನು ಆಪರೇಷನ್ನಿಗೆ ಮೂರ್ನಾಲ್ಕು ದಿನ ಮೊದಲೇ ನಿಲ್ಲಿಸಬೇಕು.

ಪ್ರಶ್ನೆ: ನಮ್ಮದು ರಾಗಿ ಮುದ್ದೆ ಊಟ. ಯಜಮಾನರಿಗೆ ಬೈಪಾಸ್ ಆಗಿ ಮೂರು ವಾರ. ಮುದ್ದೆ ಯಾವಾಗ ಕೊಡಲಿ? ಪ್ರೋಟೀನ್ ಎಷ್ಟು ಬೇಕು? ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. (ಚನ್ನರಾಯಪಟ್ಟಣ)

ಉತ್ತರ: ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ತೊಂದರೆ ಅಲ್ಲೇ ಇದೆ. ಚೀಲದಿಂದ ಕರುಳಿಗೆ ಹೋಗುವ ಜೋಡಣೆ ಒಂದು ಬೆರಳಿಗಿಂತ ಸಪೂರ. ಅಂಟುವ ತುತ್ತು ಅಲ್ಲಿ ಕೂತುಬಿಟ್ಟರೆ ಎದೆ ಬಿಗಿಯುತ್ತದೆ, ಬಾಯಲ್ಲಿ ನೊರೆ ನೊರೆ ಜೊಲ್ಲು ಬರುತ್ತದೆ, ಕೊನೆಗೆ ವಾಂತಿಯಾಗುತ್ತದೆ. ಮೊದಲ ಮೂರು ತಿಂಗಳು ಮುದ್ದೆ ಬೇಡ. ರಾಗಿ ಬೇಕೆಂದರೆ ತೆಳ್ಳಗಿನ ಅಂಬಲಿ ಮಾಡಿ ಮಜ್ಜಿಗೆ ಬೆರೆಸಿ ಕೊಡಿ. ಆಮೇಲೆ ಕೊಟ್ಟರೂ ಕಡಲೆಕಾಳಿನಷ್ಟು ಮುರಿದು, ಅಗಿದು ತಿನ್ನುವ ಅಭ್ಯಾಸ ಮಾಡಿಸಿ. ಮೆತ್ತಗೆ ಬೆಂದು ಅಂಟುವ ಅನ್ನ, ಬ್ರೆಡ್ಡು, ಒಣ ಚಪಾತಿಯ ಗತಿಯೂ ಇದೇ.

ಸಾಮಾನ್ಯ ಕ್ರಮ ಹೀಗೆ: ಮೊದಲ ದಿನಗಳಲ್ಲಿ 30 ಮಿ.ಲೀ. ಲೋಟದಿಂದ ಗುಟುಕು ಗುಟುಕಾಗಿ ನೀರು, ತಿಳಿಸಾರು, ಸೋಸಿದ ಮಜ್ಜಿಗೆ. ಎರಡು ವಾರದವರೆಗೆ ಹಾಲು, ಪ್ರೋಟೀನ್ ಪುಡಿ ಕಲಸಿದ ದ್ರವ, ಬೇಳೆಕಟ್ಟು. ಮೂರು ನಾಲ್ಕನೇ ವಾರ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ್ದು: ಹೆಸರುಬೇಳೆ, ಮೊಸರು, ಪನೀರ್. ಐದು ಆರನೇ ವಾರ ಕೈಯಲ್ಲಿ ಕಿವುಚಿದರೆ ಕರಗುವಂಥ ಮೆತ್ತನೆ ಊಟ. ಯಜಮಾನರು ಈಗ ಇರುವುದು ಮಿಕ್ಸಿಯ ಹಂತದಲ್ಲಿ. ಒಂದು ಊಟಕ್ಕೆ ಅರ್ಧ ಗಂಟೆ ತೆಗೆದುಕೊಳ್ಳಲಿ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಕುಡಿಯಲಿ. ದಿನದಲ್ಲಿ ಒಟ್ಟು ಒಂದೂವರೆ ಲೀಟರ್ ಹೋಗಬೇಕು.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ, ಮಿನಿ ಬೈಪಾಸ್ ಆಗಿದ್ದರೆ 80 ಗ್ರಾಂ ಹತ್ತಿರ ಇರಲಿ. ಮೂರು ತಿಂಗಳ ನಂತರದ ಸಸ್ಯಾಹಾರದ ಲೆಕ್ಕ: ಹಾಲು 400 ಮಿ.ಲೀ.ಗೆ 13 ಗ್ರಾಂ, ಪನೀರ್ 100 ಗ್ರಾಂಗೆ 18, ಒಣ ತೂಕ 30 ಗ್ರಾಂ ಸೋಯಾ ಚಂಕ್ಸ್‌ಗೆ 15, ಬೇಳೆ 50 ಗ್ರಾಂಗೆ 12, ಮೊಸರು 150 ಗ್ರಾಂಗೆ 5. ಕೂಡಿದರೆ 63. ಅದೇ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸಿಗುವುದು 7 ಗ್ರಾಂ. ಅದಕ್ಕೇ ತಟ್ಟೆಯಲ್ಲಿ ಮೊದಲು ಪನೀರು, ಕಾಳು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಮೂರು ತಿಂಗಳು ಆಗುವವರೆಗೆ, ಅಂದರೆ ಈಗ, ಪ್ರೋಟೀನ್ ಪುಡಿ ಇಲ್ಲದೆ ಲೆಕ್ಕ ಮುಟ್ಟುವುದು ಕಷ್ಟ.

ಮಾತ್ರೆಗಳು ಆಯುಷ್ಯಪೂರ್ತಿ: ಮಲ್ಟಿವಿಟಮಿನ್, ಕ್ಯಾಲ್ಸಿಯಂ ಸಿಟ್ರೇಟ್ 1200–1500 ಮಿ.ಗ್ರಾಂ. ಎರಡು ಮೂರು ಹೊತ್ತಿಗೆ ಹಂಚಿ, ವಿಟಮಿನ್ ಡಿ ದಿನಕ್ಕೆ 3000 ಯೂನಿಟ್, ಬಿ12 ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್. ಬಿ12 ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ, ಇದನ್ನು ಮರೆಯಬೇಡಿ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆಯ ಮೇಲೆ ಕಾಫಿ, ಟೀ ಕೂಡ ಬೇಡ. ಥೈರಾಯ್ಡ್ ಮಾತ್ರೆ ಇದ್ದರೆ ಕಬ್ಬಿಣ, ಕ್ಯಾಲ್ಸಿಯಂ ಎರಡರಿಂದಲೂ ನಾಲ್ಕು ಗಂಟೆ ದೂರ.

ಪ್ರಶ್ನೆ: ಹಬ್ಬಕ್ಕೆ ಒಂದೇ ಒಂದು ಹೋಳಿಗೆ ತಿಂದೆ. ಕಾಲು ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿದು ಭೇದಿ. ಆಪರೇಷನ್ ಕೆಟ್ಟಿದೆಯೇ? (ಶಿರಸಿ)

ಉತ್ತರ: ಕೆಟ್ಟಿಲ್ಲ. ಇದಕ್ಕೆ ‘ಡಂಪಿಂಗ್’ ಎನ್ನುತ್ತಾರೆ. ಮೊದಲು ಜಠರದ ಬಾಗಿಲು ಸಿಹಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಈಗ ಬಾಗಿಲಿಲ್ಲ. ಬೆಲ್ಲ ಒಮ್ಮೆಲೇ ಕರುಳಿಗೆ ಬಿದ್ದು, ಮೈಯ ನೀರನ್ನು ಕರುಳೊಳಕ್ಕೆ ಎಳೆಯುತ್ತದೆ. ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಒಂದು ಗಂಟೆಯೊಳಗೆ ಇಳಿಯುತ್ತದೆ.

ಇನ್ನೊಂದು ಬಗೆ ತಡವಾಗಿ ಬರುವುದು. ಊಟವಾಗಿ ಒಂದರಿಂದ ಮೂರು ಗಂಟೆಯಲ್ಲಿ ಕೈ ನಡುಕ, ಹಸಿವು, ಕಣ್ಣು ಕತ್ತಲೆ. ಅದು ಸಕ್ಕರೆ ಕುಸಿತ. ಆ ಹೊತ್ತಿನಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. ಆ ಅಂಕಿ ಇಲ್ಲದೆ ವೈದ್ಯರಿಗೆ ಗುರುತಿಸುವುದು ಕಷ್ಟ. ಅದಕ್ಕೆ ಮತ್ತಷ್ಟು ಸಿಹಿ ತಿನ್ನುತ್ತಾ ಹೋದರೆ ಮತ್ತೆ ಮತ್ತೆ ಕುಸಿಯುತ್ತದೆ. ಕುಸಿದಾಗ ಸ್ವಲ್ಪ ಸಕ್ಕರೆ, ಬೆನ್ನಿಗೇ ಒಂದು ಹಿಡಿ ಕಡಲೆ ಅಥವಾ ಒಂದು ತುಂಡು ಪನೀರ್. ವಾಹನ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಪ್ರಶ್ನೆ: ನಮ್ಮ ಅಣ್ಣಗ ಆಪರೇಷನ್ ಆಗಿ ಐದು ವಾರ ಆತು. ಹತ್ತು ದಿನದಿಂದ ನೀರು ಕುಡಿದರೂ ವಾಂತಿ ಆಗಾಕತ್ತೈತಿ. ನಿನ್ನೆಯಿಂದ ಕಾಲು ಜೋಮು ಹಿಡಿದಂಗ ಆಗೈತಿ, ನಡೀವಾಗ ತೂರಾಡ್ತಾನ, ಎರಡೆರಡು ಕಾಣಸ್ತಾವ ಅಂತಾನ. ಊರಾಗಿನ ಡಾಕ್ಟ್ರು ಗ್ಲೂಕೋಸ್ ಬಾಟ್ಲಿ ಹಾಕ್ಯಾರ. (ಬಾಗಲಕೋಟೆ ಜಿಲ್ಲೆ)

ಉತ್ತರ: ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಇದಕ್ಕೆ ಅಂದೇ ಉತ್ತರ ಕಳಿಸಿದೆವು. ಇನ್ನೊಂದು ಮನೆಗೆ ಉಪಯೋಗವಾಗಲೆಂದು ಇಲ್ಲೂ ಕೊಡುತ್ತಿದ್ದೇವೆ.

ಇದು ಥಯಮಿನ್, ಅಂದರೆ ಬಿ1 ವಿಟಮಿನ್ ಬರಿದಾದ ಲಕ್ಷಣ. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಲುತ್ತದೆ. ವಾಂತಿ ಮುಂದುವರಿದರೆ ಮುಗಿದುಹೋಗುತ್ತದೆ. ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಅದನ್ನು ಉರಿಸಲು ಉಳಿದ ಚೂರು ಥಯಮಿನ್ ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಮೊದಲು ರಕ್ತನಾಳದ ಮೂಲಕ ಥಯಮಿನ್, ಆಮೇಲೆ ಗ್ಲೂಕೋಸ್. ಈ ಅನುಕ್ರಮವನ್ನು ಊರ ಡಾಕ್ಟರಿಗೆ ಫೋನಿನಲ್ಲಿ ಹೇಳಿಸಿ, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಡಿ, ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಿ. ತಡವಾದರೆ ನೆನಪಿನ ಶಕ್ತಿ, ನಡಿಗೆ ಶಾಶ್ವತವಾಗಿ ಹೋಗಬಹುದು.

ವಾಂತಿಯ ಮೂಲ ಬಹುಶಃ ಜೋಡಣೆ ಕಿರಿದಾಗಿರುವುದು. ನಾಲ್ಕರಿಂದ ಎಂಟು ವಾರದ ನಡುವೆ ಇದು ಕಾಣಿಸುತ್ತದೆ: ಮೊದಲು ಗಟ್ಟಿ ಊಟ, ಆಮೇಲೆ ಗಂಜಿ, ಕೊನೆಗೆ ನೀರೂ ಇಳಿಯುವುದಿಲ್ಲ. ಎಂಡೋಸ್ಕೋಪಿಯಲ್ಲಿ ಬಲೂನು ಹಾಕಿ ಹಿಗ್ಗಿಸುತ್ತಾರೆ, ಒಂದೆರಡು ಸಲಕ್ಕೆ ಸರಿಹೋಗುತ್ತದೆ. ಬೈಪಾಸ್ ಆದ ಯಾರಿಗೇ ಆಗಲಿ, ಎರಡು ದಿನಕ್ಕಿಂತ ಹೆಚ್ಚು ವಾಂತಿ ನಿಲ್ಲದಿದ್ದರೆ ‘ಒಗ್ಗಿಕೊಳ್ಳುತ್ತೆ ಬಿಡಿ’ ಎಂದು ಕೂರಬೇಡಿ.

ಪ್ರಶ್ನೆ: ರೂ-ಎನ್-ವೈ ಆಗಿ ಎರಡು ವರ್ಷ. 44 ಕೆ.ಜಿ. ಇಳಿದಿದ್ದೇನೆ. ಮೂರು ತಿಂಗಳಿಂದ ಊಟವಾದ ಮೇಲೆ ಹೊಕ್ಕಳ ಎಡ-ಮೇಲಕ್ಕೆ ನುಲಿದ ಹಾಗೆ ನೋವು, ಬೆನ್ನಿಗೂ ಹೊಡೆಯುತ್ತದೆ, ಅರ್ಧ ಗಂಟೆಗೆ ಹೋಗುತ್ತದೆ. ಸಿ.ಟಿ. ಸ್ಕ್ಯಾನ್ ನಾರ್ಮಲ್. ಗ್ಯಾಸ್ ಅಂದರು. (ಮೈಸೂರು)

ಉತ್ತರ: ಗ್ಯಾಸ್ ಎಂದು ಬಿಡಬೇಡಿ. ಕರುಳನ್ನು ಮೇಲಕ್ಕೆ ತಂದು ಜೋಡಿಸಿದಾಗ ಅದರ ಹಿಂದಿನ ಪೊರೆಯಲ್ಲಿ ಎರಡು ಕಂಡಿ ಉಳಿಯುತ್ತವೆ: ಒಂದು ಕೆಳಗಿನ ಜೋಡಣೆಯ ಹತ್ತಿರ, ಇನ್ನೊಂದು ಮೇಲೆ ತಂದ ಕರುಳಿನ ಬೆನ್ನಿಗೆ. ಎರಡನೆಯದಕ್ಕೆ ‘ಪೀಟರ್ಸನ್ ಜಾಗ’ ಎಂದು ಹೆಸರು. ಆಪರೇಷನ್ ಹೊತ್ತಿನಲ್ಲಿ ಇವನ್ನು ಹೊಲಿದು ಮುಚ್ಚಬೇಕು. ಹೊಲಿದಿದ್ದರೂ, ತೂಕ ಇಳಿದು ಪೊರೆಯ ಕೊಬ್ಬು ಕರಗಿದಾಗ ಕಂಡಿ ಮತ್ತೆ ತೆರೆದುಕೊಳ್ಳಬಹುದು. ಕರುಳು ಅದರೊಳಗೆ ನುಸುಳಿ, ತಾನಾಗಿ ಹೊರಬಂದು, ಮತ್ತೆ ನುಸುಳುತ್ತದೆ. ನಿಮ್ಮ ನೋವು ಬಂದು ಹೋಗುವ ಬಗೆ ಇದಕ್ಕೆ ಹೊಂದುತ್ತದೆ. ಇದಕ್ಕೆ ‘ಒಳ ಹರ್ನಿಯಾ’ ಎನ್ನುತ್ತಾರೆ. ಒಂದು ದಿನ ಹೊರಬರದೆ ತಿರುಚಿಕೊಂಡರೆ ರಕ್ತ ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ.

ನೋವಿಲ್ಲದ ಹೊತ್ತಿನಲ್ಲಿ ತೆಗೆದ ಸ್ಕ್ಯಾನ್ ನಾರ್ಮಲ್ ಬರುವುದು ಸಹಜ. ನೋವಿರುವಾಗಲೇ ತೆಗೆಸಿ, ಬೈಪಾಸ್ ಸ್ಕ್ಯಾನ್ ನೋಡಿ ಅಭ್ಯಾಸವಿರುವ ರೇಡಿಯಾಲಜಿಸ್ಟ್‌ಗೆ ತೋರಿಸಿ. ಪೊರೆಯ ರಕ್ತನಾಳಗಳು ಸುಳಿಯಂತೆ ತಿರುಗಿರುವುದನ್ನು ಅವರು ಹುಡುಕುತ್ತಾರೆ. ಸ್ಕ್ಯಾನ್ ಮತ್ತೆ ನಾರ್ಮಲ್ ಬಂದರೂ ಲ್ಯಾಪರೊಸ್ಕೋಪಿಯಲ್ಲಿ ಒಳಗೆ ನೋಡಿ ಕಂಡಿ ಮುಚ್ಚುವುದೇ ಸರಿ. ಬೈಪಾಸ್ ಮಾಡಿದ ತಂಡದ ಹತ್ತಿರ ಈ ವಾರವೇ ಹೋಗಿ. ನೋವು ಒಂದು ಗಂಟೆಗೂ ಹೋಗದಿದ್ದರೆ ನೇರ ಎಮರ್ಜೆನ್ಸಿಗೆ.

ಅಲ್ಲಿನವರಿಗೆ ನೀವೇ ಹೇಳಬೇಕಾದ ಮಾತೊಂದಿದೆ: ‘ವಾಂತಿ ಇಲ್ಲ, ಹಾಗಾದರೆ ಕರುಳು ಕಟ್ಟಿಲ್ಲ’ ಎಂಬ ಲೆಕ್ಕ ಬೈಪಾಸ್ ಆದವರಿಗೆ ಹೊಂದುವುದಿಲ್ಲ. ಕಟ್ಟಿರುವುದು ಪಿತ್ತರಸದ ಕವಲಾದರೆ ಊಟದ ದಾರಿ ತೆರೆದೇ ಇರುತ್ತದೆ, ವಾಂತಿ ಬರುವುದಿಲ್ಲ, ಹಳೆಯ ಜಠರ ಮಾತ್ರ ಒಳಗೊಳಗೇ ಉಬ್ಬುತ್ತಿರುತ್ತದೆ. ಮಿನಿ ಬೈಪಾಸ್‌ನಲ್ಲಿ ಕೆಳಗಿನ ಜೋಡಣೆಯೇ ಇಲ್ಲವಾದ್ದರಿಂದ ಒಂದು ಕಂಡಿ ಕಡಿಮೆ, ಈ ತೊಂದರೆಯೂ ವಿರಳ. ಮಿನಿಯ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದು.

ಪ್ರಶ್ನೆ: ಪತ್ನಿಗೆ ಮುಂದಿನ ತಿಂಗಳು ಆಪರೇಷನ್. ಜೀವಕ್ಕೆ ಅಪಾಯ ಎಷ್ಟು? ಮನೆಗೆ ಬಂದಮೇಲೆ ಏನು ನೋಡಿಕೊಳ್ಳಲಿ? (ತುಮಕೂರು)

ಉತ್ತರ: ಅನುಭವವಿರುವ ಕೇಂದ್ರಗಳಲ್ಲಿ ಮೊದಲ 30 ದಿನದ ಸಾವಿನ ಪ್ರಮಾಣ ಸಾವಿರಕ್ಕೆ ಒಂದೆರಡು. ಭಯಪಡಬೇಕಾದ್ದು ಮೂರಕ್ಕೆ: ಜೋಡಣೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹಾರುವುದು. ಸೋರಿಕೆಯ ಮೊದಲ ಗುರುತು ಹೊಟ್ಟೆನೋವಲ್ಲ, ನಾಡಿ. ಒಂದು ಬೆರಳಿನ ಆಕ್ಸಿಮೀಟರ್ ಇಟ್ಟುಕೊಳ್ಳಿ. ಸುಮ್ಮನೆ ಕೂತಿರುವಾಗ ನಾಡಿ 120 ದಾಟಿ ಇಳಿಯದಿದ್ದರೆ, ಜ್ವರ ಇಲ್ಲದಿದ್ದರೂ ವಾಪಸ್ ಕರೆದೊಯ್ಯಿರಿ. ಎಡ ಭುಜ ನೋವು, ಏದುಸಿರು, ಕಪ್ಪು ಮಲ, ಒಂದೇ ಮೀನಖಂಡ ಊದಿಕೊಳ್ಳುವುದಕ್ಕೂ ಇದೇ ಮಾತು. ಆಪರೇಷನ್ ದಿನ ಸಂಜೆಯೇ ಎದ್ದು ನಡೆಯಬೇಕು. ಹೆಪ್ಪು ತಡೆಯುವ ಇಂಜೆಕ್ಷನ್ ಮನೆಯಲ್ಲೂ ಬರೆದುಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬೇಡಿ.

ಆಪರೇಷನ್ನಿಗೆ ಮೊದಲು ಎರಡು ವಾರದ 800–1000 ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಅದು ತೂಕಕ್ಕಾಗಿ ಅಲ್ಲ. ಕೊಬ್ಬು ತುಂಬಿದ ಯಕೃತ್ತು ಜಠರದ ಮೇಲೆ ಮುಚ್ಚಿಕೊಂಡಿರುತ್ತದೆ, ಪಥ್ಯದಿಂದ ಅದು ಕುಗ್ಗಿದರೆ ಸರ್ಜನ್ನಿಗೆ ಕೆಲಸದ ಜಾಗ ಸಿಗುತ್ತದೆ. ನಡುವೆ ಮದುವೆ ಊಟ ಮಾಡಿ ಬಂದರೆ ಪಥ್ಯ ಮಾಡಿದ ಫಲ ಹೋಗುತ್ತದೆ.

ಪ್ರಶ್ನೆ: ಮಗಳಿಗೆ 26, ಮದುವೆಯಾಗಿದೆ, ಪಿಸಿಓಡಿ. ಬೈಪಾಸ್ ಆದಮೇಲೆ ಮಗು ಯಾವಾಗ? (ಉಡುಪಿ)

ಉತ್ತರ: 12ರಿಂದ 18 ತಿಂಗಳು ಬೇಡ. ತೂಕ ಇಳಿಯುತ್ತಿದ್ದಂತೆ ನಿಂತಿದ್ದ ಮುಟ್ಟು ಸರಿಯಾಗಿ, ಎಣಿಸದೆ ಗರ್ಭ ನಿಲ್ಲುವುದು ಸಾಮಾನ್ಯ. ನುಂಗುವ ಗರ್ಭನಿರೋಧಕ ಮಾತ್ರೆ ಬೈಪಾಸ್ ನಂತರ ಪೂರ್ತಿ ಹೀರದೆ ಹೋಗಬಹುದು, ಕಾಪರ್-ಟಿ ಥರದ್ದು ವಾಸಿ. ಗರ್ಭಿಣಿಯಾದಾಗ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಬೇಡ, ಡಂಪಿಂಗ್ ಆಗುತ್ತದೆ. ಬದಲಿಗೆ 24–28ನೇ ವಾರದಲ್ಲಿ ಒಂದು ವಾರ ಮನೆಯಲ್ಲೇ ಸಕ್ಕರೆ ಅಳೆದರೆ ಸಾಕು. ವಿಟಮಿನ್ ‘ಎ’ ಬೀಟಾ ಕ್ಯಾರೊಟಿನ್ ರೂಪದಲ್ಲಿರಲಿ, ರೆಟಿನಾಲ್ ಹೆಚ್ಚಾದರೆ ಮಗುವಿಗೆ ತೊಂದರೆ. ಗರ್ಭಿಣಿಗೆ ನುಲಿಯುವ ಹೊಟ್ಟೆನೋವು ಬಂದರೆ ಮೈಸೂರಿನ ಓದುಗರಿಗೆ ಕೊಟ್ಟ ಉತ್ತರ ಅವಳಿಗೂ ಅನ್ವಯಿಸುತ್ತದೆ, ಬೆಳೆಯುವ ಗರ್ಭಕೋಶ ಕರುಳನ್ನು ಕಂಡಿಯತ್ತ ತಳ್ಳುತ್ತದೆ.

ಪ್ರಶ್ನೆ: ಮಂಡಿ ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದೆ. ಬೈಪಾಸ್ ನಂತರವೂ ನುಂಗಬಹುದೇ? (ಕಲಬುರಗಿ)

ಉತ್ತರ: ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಎಲ್ಲವೂ ಜೋಡಣೆಯ ಅಂಚಿನಲ್ಲಿ ಹುಣ್ಣು ಮಾಡುತ್ತವೆ. ಬೀಡಿ, ಸಿಗರೇಟು, ಗುಟ್ಕಾ ಜೊತೆಗಿದ್ದರೆ ಹುಣ್ಣು ತೂತಾಗುವವರೆಗೂ ಹೋಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಮಂಡಿಯ ಮೇಲೆ ಹಚ್ಚುವ ಮುಲಾಮು ನಡೆಯುತ್ತದೆ. ಆಮ್ಲ ತಗ್ಗಿಸುವ ಮಾತ್ರೆಯನ್ನು ಕನಿಷ್ಠ ಮೂರು ತಿಂಗಳು ಮುಂದುವರಿಸಿ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ಬೈಪಾಸ್ ಆದವರ ಪಿತ್ತನಾಳಕ್ಕೆ ಬಾಯಿಯಿಂದ ಎಂಡೋಸ್ಕೋಪ್ ತಲುಪಿಸುವುದು ಬಹಳ ಕಷ್ಟ, ಆದ್ದರಿಂದ ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ 300 ಮಿ.ಗ್ರಾಂ. ದಿನಕ್ಕೆರಡು ಬರೆಯುತ್ತಾರೆ. ಅದನ್ನು ‘ನೋವಿಲ್ಲವಲ್ಲ’ ಎಂದು ನಡುವೆ ಬಿಡಬೇಡಿ.

ಪ್ರಶ್ನೆ: ಬಿಎಂಐ 34, ಸಕ್ಕರೆ ಕಾಯಿಲೆ ಇದೆ. ವೈದ್ಯರು ಆಪರೇಷನ್ ಆಗಬಹುದು ಅಂದರು, ವಿಮೆಯವರು ಆಗದು ಅಂದರು. ಯಾರು ಸರಿ? (ಬೆಂಗಳೂರು)

ಉತ್ತರ: ಇಬ್ಬರ ಅಳತೆಗೋಲು ಬೇರೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಈ ಚಿಕಿತ್ಸೆ ಯೋಚಿಸಬಹುದು, ಏಕೆಂದರೆ ನಮ್ಮಲ್ಲಿ ಹೊಟ್ಟೆಯ ಕೊಬ್ಬು ಕಡಿಮೆ ತೂಕಕ್ಕೇ ಕಾಯಿಲೆ ತರುತ್ತದೆ. ಭಾರತದ ಆರೋಗ್ಯ ವಿಮೆಯ ಪ್ರಮಾಣಿತ ಷರತ್ತು ಕೇಳುವುದು ಬಿಎಂಐ 40, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹೃದಯದ ರಕ್ತನಾಳದ ಕಾಯಿಲೆ ಇಂಥವುಗಳಲ್ಲಿ ಒಂದು. ವಯಸ್ಸು 18 ಆಗಿರಬೇಕು, ಬೇರೆ ಪ್ರಯತ್ನ ಸೋತಿರುವುದಕ್ಕೆ ದಾಖಲೆ ಬೇಕು. ಆ ದಾಖಲೆಗಳನ್ನು ಇಂದಿನಿಂದಲೇ ಕೂಡಿಡಿ: ಆಹಾರತಜ್ಞರ ಚೀಟಿ, ತೂಕದ ಪಟ್ಟಿ, ಎಚ್‌ಬಿಎ1ಸಿ ವರದಿ. ಪಾಲಿಸಿಯ ಕಾಯುವ ಅವಧಿಯನ್ನೂ ಓದಿ ನೋಡಿ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ, ಬೈಪಾಸ್ ಹೊರದೇಶದಲ್ಲೇ ಆಯಿತು. ಊರಿಗೆ ಮರಳುತ್ತಿದ್ದೇನೆ. ಯಾವ ಕಾಗದ ತರಲಿ? ಒಳಗಿರುವ ಪಿನ್‌ನಿಂದ ಎಂಆರ್‌ಐಗೆ ತೊಂದರೆಯೇ? (ಮೂಲ ಊರು ಕುಂದಾಪುರ)

ಉತ್ತರ: ಡಿಸ್ಚಾರ್ಜ್ ಸಮರಿಯಲ್ಲಿ ಬರೀ ‘ಗ್ಯಾಸ್ಟ್ರಿಕ್ ಬೈಪಾಸ್’ ಎಂದಿದ್ದರೆ ಸಾಲದು. ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ. ಅದರಲ್ಲಿ ಇರಬೇಕಾದ್ದು: ಒಂದು ಜೋಡಣೆಯೋ ಎರಡೋ, ಚೀಲದ ಉದ್ದ, ಪಿತ್ತರಸದ ಕವಲು ಎಷ್ಟು ಸೆಂ.ಮೀ., ಊಟದ ಕವಲು ಎಷ್ಟು, ಒಟ್ಟು ಕರುಳು ಅಳೆದಿದ್ದರೆ ಎಷ್ಟು, ಕಂಡಿ ಹೊಲಿದರೋ ಇಲ್ಲವೋ, ಪಿತ್ತಕೋಶ ಇದೆಯೋ ತೆಗೆದರೋ. ಐದು ವರ್ಷದ ನಂತರ ಕುಂದಾಪುರದಲ್ಲಿ ರಾತ್ರಿ ಹೊಟ್ಟೆನೋವೆಂದು ಹೋದಾಗ ನಿಮ್ಮನ್ನು ನೋಡುವ ಡಾಕ್ಟರಿಗೆ ಈ ಒಂದು ಹಾಳೆಯೇ ನಕ್ಷೆ. ಫೋಟೋ ತೆಗೆದು ಫೋನಿನಲ್ಲಿಡಿ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಇರಲಿ.

ಸ್ಟೇಪ್ಲರ್ ಪಿನ್‌ಗಳು ಸಾಮಾನ್ಯವಾಗಿ ಟೈಟಾನಿಯಂನವು, ಎಂಆರ್‌ಐಗೆ ಅಡ್ಡಿ ಇಲ್ಲ. ಆದರೂ ಯಂತ್ರದೊಳಗೆ ಹೋಗುವ ಮೊದಲು ಸಿಬ್ಬಂದಿಗೆ ತಿಳಿಸಿ. ಸಿ.ಟಿ. ಸ್ಕ್ಯಾನ್‌ಗೆಂದು ಒಂದು ಲೀಟರ್ ದ್ರವ ಒಮ್ಮೆಲೇ ಕುಡಿಯಲು ಕೊಟ್ಟರೆ ಮಾತ್ರ ಒಪ್ಪಬೇಡಿ. ನಿಮ್ಮ ಚೀಲಕ್ಕೆ ಅಷ್ಟು ಹಿಡಿಯುವುದಿಲ್ಲ, ಗುಟುಕು ಗುಟುಕಾಗಿ ಕೊಡಿ ಎಂದು ಹೇಳಿ.